ಬೆಂಚಿನ ಮೇಲಿನ ದೊಡ್ಡ ಗೌನು

ತೊಟ್ಟಿ ತುಂಬ ಕಣ್ಣಿನ ಔಷಧಿ ಕೆಟ್ಟುಹೋಗಿತ್ತು. ಬಣ್ಣ ಬದಲಾಗಿರಲಿಲ್ಲ, ವಾಸನೆ ಬಂದಿರಲಿಲ್ಲ. ಆದರೂ ಒಂದು ಹನಿಯನ್ನೂ ಯಾರ ಕಣ್ಣಿಗೂ ಬಿಡುವಂತಿರಲಿಲ್ಲ. ಕಲಸಲು ಶುರುಮಾಡಿದ ಮೇಲೆ ಇಂತಿಷ್ಟು ಹೊತ್ತಿನೊಳಗೆ ಸೀಸೆಗೆ ತುಂಬಬೇಕು. ಹಿಂದಿನ ದಿನ ಆ ಹೊತ್ತು ಮೀರಿತ್ತು. ನಾವು ಹೋದಾಗ ತೊಟ್ಟಿಗೆ ಕೆಂಪು ಚೀಟಿ ಅಂಟಿಸಿದ್ದರು.

ನಾನು ಕಂಪನಿಯ ಕಾರು ಓಡಿಸುವವನು. ಮುಖ್ಯ ಕಚೇರಿಯ ತನಿಖೆ ಮೇಡಂ ಅವರನ್ನು ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಕರೆದೊಯ್ಯುತ್ತೇನೆ, ಅವರ ಚೀಲ ಹೊತ್ತು ಹಿಂದೆ ಹಿಂದೆ ನಡೆಯುತ್ತೇನೆ. ಅವರದು ಮಾತು ಕಡಿಮೆ. ನನ್ನದೂ ಅಷ್ಟೇ. ಎಷ್ಟೋ ದಾರಿ ನಾವಿಬ್ಬರೂ ಸುಮ್ಮನೆ ಸವೆಸಿದ್ದೇವೆ.

"ಇದರಲ್ಲಿ ಹುಡುಕೋದೇನಿದೆ ಮೇಡಂ?" ಅಂದರು ಮ್ಯಾನೇಜರ್. "ತೂಕದ ಯಂತ್ರ ಪದೇ ಪದೇ ಕೈಕೊಡ್ತಿದೆ. ಅದನ್ನ ನೋಡ್ಕೊಳ್ಳೋನು ಮೆಕ್ಯಾನಿಕ್. ಸಂಜೆಗೆ ಅವನನ್ನ ಕೆಲಸದಿಂದ ತೆಗೀತೀನಿ. ನೀವೊಂದು ಸಹಿ ಹಾಕಿ, ಊಟ ಮಾಡಿ ಹೊರಡಿ."

"ಊಟ ಮಾಡ್ತೀನಿ," ಅಂದರು ಮೇಡಂ. "ಸಹಿ ಆಮೇಲೆ."

ಗಾಜಿನ ಗೋಡೆಯ ಓಣಿಯಲ್ಲಿ ನಡೆದೆವು. ಒಳಗೆ ಬಟ್ಟೆ ಬದಲಿಸುವ ಕೋಣೆ. ನಡುವೆ ಒಂದು ಉಕ್ಕಿನ ಬೆಂಚು. ಅದರ ಮೇಲೆ, ಒಳಗೆ ಹೋಗುವವರು ತೊಡುವ ಬಿಳಿ ಗೌನಿನ ಒಡೆಯದ ಚೀಲ ಬಿದ್ದಿತ್ತು— ನನ್ನಂಥವರು ಇಬ್ಬರು ಹಿಡಿಸುವಷ್ಟು ದೊಡ್ಡದು.

"ಅದು ಯಾರದು?"

"ಯಾರೋ ಮರೆತದ್ದು. ನಿಮ್ಮ ತನಿಖೆಗೆಂದು ಏನನ್ನೂ ಮುಟ್ಟಿಲ್ಲ."

ಆಚೆ ತೂಕದ ಕೋಣೆ. ಅಲ್ಲಿ ಒಬ್ಬನೇ ಒಬ್ಬ ಮನುಷ್ಯ. ಮೈಯೆಲ್ಲ ಬಿಳಿ ಬಟ್ಟೆ, ಮುಖಕ್ಕೆ ಮಾಸ್ಕು, ಕಣ್ಣು ಮಾತ್ರ ಕಾಣುತ್ತಿತ್ತು. ಎಲ್ಲರೂ ಅವನನ್ನು ಕಡ್ಡಿ ಅನ್ನುವುದು. ನಮ್ಮ ಕಡೆ ನೋಡಿ ಕೈ ಎತ್ತಿದ. ಮ್ಯಾನೇಜರ್ ನೋಡಲಿಲ್ಲ. ನಾನು ಎತ್ತಿದೆ.

"ಯಂತ್ರ ಕೈಕೊಟ್ಟರೆ ಏನಾಗುತ್ತೆ?" ಮೇಡಂ ಕೇಳಿದರು.

"ಈಗ ಕಾಗದ ಇಲ್ಲವಲ್ಲ. ಇವನು ಪುಡಿ ತೂಗಿದ ಕೂಡಲೇ ಲೆಕ್ಕ ತಾನಾಗೇ ಕಂಪ್ಯೂಟರಿಗೆ ಹೋಗುತ್ತೆ. ಮಹಡಿ ಮೇಲೆ ಪರೀಕ್ಷಕ ನೋಡಿ ಬೆರಳು ಒತ್ತುತ್ತಾನೆ, ಇಲ್ಲಿ ಪರದೆ ಮೇಲೆ ಹಸಿರು ಗೆರೆ ಬರುತ್ತೆ. ಅಷ್ಟೇ. ತೂಕದ ಅಂಕಿ ಮೂರು ಸಲ ನಿಲ್ಲದೆ ಕುಣಿದರೆ ಮಾತ್ರ ಯಂತ್ರಕ್ಕೆ ಬೀಗ ಬೀಳುತ್ತೆ. ಆಗ ಪರೀಕ್ಷಕನೇ ಇಳಿದು ಬಂದು, ಕಣ್ಣಾರೆ ನೋಡಿ ತೆಗೀಬೇಕು."

"ನಿನ್ನೆ ಯಾಕೆ ತೆಗೀಲಿಲ್ಲ?"

"ಪರೀಕ್ಷಕ ರಜೆ. ಬದಲಿಗೆ ಕೂತಿದ್ದ ಹುಡುಗಿಗೆ ಬೀಗ ತೆಗೆಯೋ ಅಧಿಕಾರ ಇರಲಿಲ್ಲ. ನನ್ನ ಹುಡುಕಿ ಕರೆಸೋ ಹೊತ್ತಿಗೆ ಉಳಿದ ಪುಡಿ ಸಿಗದೆ ತೊಟ್ಟಿಯ ಹೊತ್ತು ಮೀರಿತ್ತು."

ಮೇಡಂ ಒಬ್ಬೊಬ್ಬರನ್ನೇ ಕರೆದರು. ಮೊದಲು ಮೆಕ್ಯಾನಿಕ್. ಕಣ್ಣು ಕೆಂಪಾಗಿತ್ತು.

"ಯಂತ್ರ ಸರಿ ಇದೆ ಮೇಡಂ. ನನ್ನ ಮಗಳಾಣೆ. ನಿನ್ನೆ ಬೆಳಗ್ಗೆ ಒಳಗೆ ಹೋಗಿ ತೂಕದ ಕಲ್ಲಿಟ್ಟು ನೋಡಿದೆ— ಕೂದಲೆಳೆ ವ್ಯತ್ಯಾಸ ಇಲ್ಲ. ನಾನು ನೋಡಿದಾಗೆಲ್ಲ ಸರಿ ಇರುತ್ತೆ. ನಾನು ಆಚೆ ಬಂದ ಮೇಲೆ ಕುಣಿಯುತ್ತೆ. ಹೇಳಿದ್ರೆ ಯಾರು ನಂಬ್ತಾರೆ?"

"ಆಮೇಲೆ ಎಲ್ಲಿಗೆ ಹೋದ್ರಿ?"

"ಬೆಟ್ಟನ್ನ ಹಲ್ಲಿನ ಡಾಕ್ಟರ ಹತ್ರ ಬಿಟ್ಟು ಬಂದೆ. ನನ್ನ ಸ್ಕೂಟರಿನ ಸ್ಪ್ರಿಂಗು ಇನ್ನೂ ಎದ್ದಿಲ್ಲ."

ಬೆಟ್ಟ ಅಂದರೆ ಪರೀಕ್ಷಕ. ಬಾಗಿಲಲ್ಲಿ ಓರೆಯಾಗಿ ಬರಬೇಕಾದ ಆಳು. ಕಾರ್ಖಾನೆಗೆಲ್ಲ ಬಾಯಿ ಅಂದರೆ ಇವನದೇ ಅಂತೆ. ಆದರೆ ಹಿಂದಿನ ದಿನ ದವಡೆ ಹಲ್ಲು ಕೀಳಿಸಿಕೊಂಡು ಕೆನ್ನೆ ಊದಿತ್ತು, ಬಾಯಿ ತುಂಬ ಹತ್ತಿ.

"ಈ ವಾರ ಕೆಳಗೆ ಇಳಿದಿದ್ರಾ?"

ಬೆಟ್ಟ ಇಲ್ಲವೆಂದು ತಲೆಯಾಡಿಸಿದ.

"ಹಿಂದಿನ ಬೀಗಗಳನ್ನೆಲ್ಲ ನೀವೇ ತೆಗೆದದ್ದಾ?"

ಹೌದೆಂದು ತಲೆಯಾಡಿಸಿದ.

"ನೀವು ಬಂದು ನಿಂತ ಮೇಲೆ ಯಂತ್ರ ತೊಂದರೆ ಕೊಡ್ತಿತ್ತಾ?"

ಬೆಟ್ಟ ಯೋಚಿಸಿದ. ಮೆಲ್ಲಗೆ ಇಲ್ಲವೆಂದ. ಆಮೇಲೆ ನೆಲ ನೋಡತೊಡಗಿದ.

ಕೊನೆಗೆ ತೊಟ್ಟಿ ನೋಡಿಕೊಳ್ಳುವ ಹೆಂಗಸು.

"ಪರೀಕ್ಷಕರು ನಮ್ಮ ಭಾವ," ಅಂದಳು. "ಅಕ್ಕನ ಗಂಡ. ಹಲ್ಲುನೋವು ಅಂತ ರಾತ್ರಿಯೆಲ್ಲ ಗೋಳಾಡಿದ್ದು ನಮಗೇ ಗೊತ್ತು."

"ರಜೆ ಅಂತ ಕಡ್ಡಿಗೆ ಹೇಳಿದ್ರಾ?"

"ಕಡ್ಡಿಗಾ?" ಅವಳು ತಬ್ಬಿಬ್ಬಾದಳು. "ಇಲ್ಲ... ಅವನ ಕೋಣೆ ಬೇರೆ, ನಂದು ಬೇರೆ. ಪುಡಿಯ ಡಬ್ಬ ಕಿಂಡಿಯಲ್ಲಿ ಇಡ್ತಾನೆ, ನಾನು ತಗೋತೀನಿ. ಮಾತಾಡೋ ಸಂದರ್ಭ ಬರಲ್ಲ. ಒಳಗೆ ಫೋನೂ ಇಲ್ಲ."

ಊಟಕ್ಕೆ ಮೊದಲು ಮೇಡಂ ತಾವೇ ಬಿಳಿ ಬಟ್ಟೆ ತೊಟ್ಟು ತೂಕದ ಕೋಣೆಗೆ ಹೋದರು. ಕಡ್ಡಿಯನ್ನು ಆಚೆ ಕಳಿಸಿ ಮೇಜಿನ ಮುಂದೆ ಸ್ವಲ್ಪ ಹೊತ್ತು ಕೂತಿದ್ದರು. ಬರುವಾಗ ಬೆಂಚಿನ ಮೇಲಿದ್ದ ಚೀಲವನ್ನು ಎತ್ತಿಕೊಂಡು ಬಂದರು.

ಸಂಜೆ ಮ್ಯಾನೇಜರರ ಕೋಣೆಯಲ್ಲಿ ಎಲ್ಲರೂ ಸೇರಿದರು. ಮಾಸ್ಕಿಲ್ಲದ ಕಡ್ಡಿಯನ್ನು ನಾನು ಆಗಲೇ ನೋಡಿದ್ದು. ತಲೆ ನರೆತಿತ್ತು, ನನಗಿಂತ ಸ್ವಲ್ಪ ಚಿಕ್ಕವನಿರಬೇಕು. ಮೂಗಿನ ಮೇಲೆ ಮಾಸ್ಕಿನ ಗೆರೆ ಅಚ್ಚೊತ್ತಿತ್ತು.

ಮೇಡಂ ಚೀಲವನ್ನು ಮೇಜಿನ ಮೇಲಿಟ್ಟರು.

"ಇದು ಯಾರೋ ಮರೆತದ್ದಲ್ಲ. ಎತ್ತಿಟ್ಟದ್ದು. ಈ ಅಳತೆಯ ಗೌನು ತೊಡೋರು ಇಡೀ ಕಾರ್ಖಾನೆಯಲ್ಲಿ ಒಬ್ಬರೇ."

ಎಲ್ಲರ ಕಣ್ಣೂ ಬೆಟ್ಟನ ಮೇಲೆ ಹೋದವು. ಬೆಟ್ಟ ಎರಡೂ ಕೈ ಆಡಿಸಿ ತಾನಲ್ಲ ಅಂದ.

"ಅವರಲ್ಲ. ಅವರಿಗೋಸ್ಕರ ಇಟ್ಟದ್ದು. ಚೀಲದ ಮೇಲಿನ ತಾರೀಕು ನೋಡಿ— ನಿನ್ನೆ ಬೆಳಗ್ಗೆ ಒಗೆದು ಬಂದದ್ದು. ಅಂದರೆ ಇವರು ಕೆಳಗೆ ಬರ್ತಾರೆ ಅಂತ ನಿನ್ನೆ ಯಾರೋ ಕಾಯ್ತಿದ್ರು. ಇವರು ಬರೋದು ಯಾವಾಗ? ಬೀಗ ಬಿದ್ದಾಗ ಮಾತ್ರ. ಬೀಗ ಬೀಳುತ್ತೆ ಅಂತ ಮೊದಲೇ ಗೊತ್ತಿದ್ದದ್ದು ಯಾರಿಗೆ?"

ಮೇಡಂ ಬೆರಳು ಮಡಚಿ ಎಣಿಸತೊಡಗಿದರು.

"ನಿನ್ನೆ ಒಳಗೆ ಹೋದವರು ಮೂವರು. ಮೆಕ್ಯಾನಿಕ್— ಬೆಟ್ಟನ್ನ ಡಾಕ್ಟರ ಹತ್ರ ಬಿಟ್ಟದ್ದೇ ಇವರು. ಗೌನು ಯಾಕೆ ಎತ್ತಿಡ್ತಾರೆ? ಈಕೆ— ಭಾವನ ಗೋಳು ಕೇಳಿಯೇ ಬಂದವರು. ರಜೆಯ ವಿಷಯ ಗೊತ್ತಿಲ್ಲದೆ ಇದ್ದದ್ದು ಒಬ್ಬರಿಗೇ. ಪರದೆಯ ಮೇಲೆ ಹಸಿರು ಗೆರೆ ಬರುತ್ತೆ, ಅದು ಯಾರ ಬೆರಳು ಅಂತ ಬರಲ್ಲ."

ಆಮೇಲೆ ದನಿ ತಗ್ಗಿಸಿದರು. "ತೂಕದ ಮೇಜಿನ ಕಾಲಿಗೆ ಮೊಣಕಾಲು ಒತ್ತಿ ನೋಡಿದೆ. ಯಂತ್ರ ಕುಣಿಯಿತು. ಅಲ್ವಾ ಕಡ್ಡಿಯಣ್ಣ?"

ಕಡ್ಡಿ ಮೆಕ್ಯಾನಿಕ್ಕನ ಕಡೆ ತಿರುಗಿದ. "ನಿನ್ನನ್ನ ತೆಗೀತಾರೆ ಅಂತ ನಂಗೆ ಗೊತ್ತಿರಲಿಲ್ಲ ಕಣಪ್ಪ. ಯಾರೂ ಹೇಳಲಿಲ್ಲ."

"ಯಾಕಯ್ಯಾ ಹೀಗೆ ಮಾಡಿದೆ?" ಮ್ಯಾನೇಜರ್ ಕಿರುಚಿದರು. "ಯಾರು ಏನು ಕೊಟ್ರು?"

"ಯಾರು ಏನು ಕೊಡ್ತಾರೆ ಸಾರ್... ಮುಂಚೆ ಕಾಗದದ ಕಾಲದಲ್ಲಿ ಈ ಬೆಟ್ಟ ನನ್ನ ಪಕ್ಕದಲ್ಲೇ ನಿಂತಿರ್ತಿದ್ದ. ನಾನು ತೂಗಬೇಕು, ಇವನು ನೋಡಿ ಸಹಿ ಹಾಕಬೇಕು. ದಿನವಿಡೀ ವಟವಟ. ತಲೆ ಚಿಟ್ಟು ಹಿಡಿಯೋದು." ಕಡ್ಡಿ ನಕ್ಕಂತೆ ಮಾಡಿದ. "ಕಂಪ್ಯೂಟರ್ ಬಂತು, ಇವನು ಮೇಲೆ ಹೋದ. ಮನೆಯಲ್ಲಿ ಹೆಂಡತಿ ಹೋದ ಮೇಲೆ ಮಾತಿಲ್ಲ. ಇಲ್ಲೂ ಇಲ್ಲ. ಒಂದಿನ ಮೊಣಕಾಲು ತಗುಲಿ ಬೀಗ ಬಿತ್ತು. ಇವನು ಬಂದ. ಬೈದ. ಬೀಗ ತೆಗೆಯೋವರೆಗೂ ಬೈತಾನೇ ಇದ್ದ."

"ಅದಕ್ಕೆ ಮತ್ತೆ ಮತ್ತೆ?"

"ತಪ್ಪಾಯ್ತು ಸಾರ್. ಅವನ ಅಳತೆಯ ಗೌನು ಬೀರುವಿನ ತಳದಲ್ಲಿ ಇರುತ್ತೆ. ಹುಡುಕೋದರಲ್ಲೇ ಹೊತ್ತು ಹೋಗ್ತಿತ್ತು. ಅದಕ್ಕೇ ಎತ್ತಿಡ್ತಿದ್ದೆ. ನಿನ್ನೆನೂ ಬರ್ತಾನೆ ಬರ್ತಾನೆ ಅಂತ ಕಾದೆ."

ಮೆಕ್ಯಾನಿಕ್ಕನ ಕೆಲಸ ಉಳಿಯಿತು. ಕಡ್ಡಿಯ ಗುರುತಿನ ಚೀಟಿ ಕಿತ್ತುಕೊಂಡರು. ತೊಟ್ಟಿ ಔಷಧಿ ಹಾಳಾಗಿತ್ತು, ಬೇರೆ ದಾರಿ ಇರಲಿಲ್ಲ. ಮೇಡಂ ಸಹಿ ಹಾಕಿದರು.

ನಾವು ಕಾರಿಗೆ ಬಂದಾಗ ಗೇಟಿನ ಪಕ್ಕದ ಕಲ್ಲುಕಟ್ಟೆಯ ಮೇಲೆ ಕಡ್ಡಿ ಕೂತಿದ್ದ. ಬೆಟ್ಟ ಬಂದು ಪಕ್ಕದಲ್ಲಿ ಕೂತ. ಬಯ್ಯಬೇಕೆಂದು ಬಂದಿದ್ದನೋ ಏನೋ, ಬಾಯಿ ತೆರೆಯಲು ಹೋದ, ಹತ್ತಿ ಅಡ್ಡ ಬಂತು. ಕೆನ್ನೆ ಹಿಡಿದುಕೊಂಡು ಸುಮ್ಮನಾದ.

"ತುಂಬ ನೋಯ್ತಾ?" ಕಡ್ಡಿ ಕೇಳಿದ. ಬೆಟ್ಟ ತಲೆಯಾಡಿಸಿದ. ಕಡ್ಡಿ ಮಾತಿಗೆ ಶುರುಮಾಡಿದ.

ನಾನು ಕೀಲಿ ತಿರುಗಿಸಲು ಹೋದೆ. ಮೇಡಂ ನನ್ನ ಭುಜ ಮುಟ್ಟಿದರು.

"ತಾಳಿ ಯಜಮಾನ್ರೇ," ಅಂದರು. "ಇಂಜಿನ್ ಸದ್ದಿಗೆ ಅವರ ಮಾತು ಅವರಿಗೇ ಕೇಳಿಸೋದಿಲ್ಲ."