ಹತ್ತರ ಗೆರೆಯ ಕೆಳಗಿನ ಚುಕ್ಕಿಗಳು

ಆದೆಮ್ಮನ ಊರಿಗೆ ಎರಡನೇ ಬೋರ್‌ವೆಲ್ ಇರಲಿಲ್ಲ. ಇದ್ದ ಒಂದರ ನೀರು ಕುಡಿದೇ ಅವಳ ಗಂಡನ ಅಂಗೈಯಲ್ಲಿ ಗಂಟೆದ್ದು, ಹುಣ್ಣಾಗಿ, ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಅವನು ತೀರಿಕೊಂಡಿದ್ದ. ಜೂನ್ ಮೂರರ ಬೆಳಿಗ್ಗೆ ಅವಳು ದೇವದುರ್ಗ ಠಾಣೆಗೆ ಬಂದು, ಇನ್‌ಸ್ಪೆಕ್ಟರ್ ವಿಜಯಲಕ್ಷ್ಮಿಯ ಮೇಜಿನ ಮೇಲೆ ನೀರಿನ ಬಾಟಲಿ ಇಟ್ಟಳು.

“ನೀರು ಚಲೋ ಅದ ಅಂತ ವರ್ಷ ವರ್ಷ ಪಂಚಾಯ್ತ್ಯಾಗ ಚಾರ್ಟ್ ಹಚ್ತಾರ್ರಿ. ನೀವ ಒಂದ್ ಗುಟುಕು ಕುಡೀರಿ ನೋಡೂಣು.”

ವಿಜಯಲಕ್ಷ್ಮಿ ಕುಡಿಯಲಿಲ್ಲ. ಪಂಚರೆದುರು ಹೊಸ ಮಾದರಿ ತೆಗೆಸಿ, ಮೊಹರು ಹಾಕಿಸಿ ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿದಳು. ಆರ್ಸೆನಿಕ್ ವಿಷದ ಮಿತಿ ಲೀಟರಿಗೆ ಹತ್ತು ಮೈಕ್ರೋಗ್ರಾಂ. ಬಂದ ಫಲಿತಾಂಶ ಅರವತ್ತೆರಡು. ಎಫ್‌ಐಆರ್ ದಾಖಲಾಯಿತು.

ಕಾನ್‌ಸ್ಟೆಬಲ್ ಹಫೀಜ್ ಪಂಚಾಯಿತಿ ಗೋಡೆಯ ಚಾರ್ಟುಗಳನ್ನು ಬಿಚ್ಚಿ ತಂದ. ಹತ್ತರ ಕೆಂಪು ಗೆರೆಯ ಕೆಳಗೆ ಆ ಊರಿನ ಚುಕ್ಕಿಗಳೆಲ್ಲ ಒಂದೇ ಮಟ್ಟದಲ್ಲಿದ್ದವು.

“ಪರೇಡಿಗೆ ನಿಂತಂಗ ನಿಂತಾವ್ರಿ ಮೇಡಂ. ನಮ್ಮ ಸ್ಟೇಷನ್ ಮಂದಿನೂ ಇಷ್ಟು ನೆಟ್ಟಗ ನಿಲ್ಲಂಗಿಲ್ಲ.”

ಬೇಸಿಗೆಗೂ ಮಳೆಗಾಲಕ್ಕೂ ಕದಲದ ನೀರು ಎಂಥದು ಎಂದು ವಿಜಯಲಕ್ಷ್ಮಿ ಯೋಚಿಸಿದಳು.

ಚಾರ್ಟ್ ಮಾಡಿದ್ದು ರಾಯಚೂರಿನ ಒಂದು ಖಾಸಗಿ ಲ್ಯಾಬ್. ಪಂಚನಾಮೆ ಮಾಡಿ ಕಂಪ್ಯೂಟರ್ ವಶಕ್ಕೆ ಪಡೆಯುವಾಗ ಲ್ಯಾಬಿನ ನಾಹಿದ್ ಪರದೆ ತೋರಿಸಿದಳು. ದಾಖಲಾದ ಅಂಕಿಗಳು ಸರಿಯಾಗಿಯೇ ಇದ್ದವು: ಐವತ್ತೆಂಟು, ಅರವತ್ತು, ಅರವತ್ತೊಂದು.

“ಮತ್ತ ಚುಕ್ಕಿ ಹೆಂಗ ಕೆಳಗ ಬಂದ್ವು?”

“ಗ್ರಾಫ್ ಹಾಕೋ ಸಾಫ್ಟ್‌ವೇರ್‌ನಾಗ ನಮ್ಮದ ಫಂಕ್ಷನ್, ಅಂದ್ರ ಲೆಕ್ಕದ ಸೂತ್ರ, ಬರೀಬಹುದ್ರಿ. ಇದು ನಮ್ಮ ಲ್ಯಾಬಿನ ಉದಯಕುಮಾರ್ ಬರೆದದ್ದು. ಈ ಊರಿನ ಅಂಕಿ ಹತ್ತು ದಾಟಿದ್ರ ಒಂಬತ್ತು ಅಂತ ಚುಕ್ಕಿ ಇಡ್ತದ.”

“ನೀವ್ಯಾರೂ ನೋಡ್ಲಿಲ್ಲೇನು?”

“ಅಂಕಿ ಯಾರು ಓದ್ತಾರ್ರಿ ಮೇಡಂ? ಚಿತ್ರ ನೋಡಿ ಸಹಿ ಮಾಡ್ತೀವಿ.”

ಉದಯಕುಮಾರ ರಜೆಯಲ್ಲಿದ್ದ. ಸಂಜೆ ಮಾನ್ವಿಯ ಬಾಡಿಗೆ ಮನೆಯಲ್ಲಿ ಸಿಕ್ಕ. ಓಡಲಿಲ್ಲ.

“ರೊಕ್ಕ ಯಾರು ಕೊಟ್ರು?”

“ಯಾರೂ ಇಲ್ರಿ. ಅದು ನಮ್ಮೂರು.”

“ನಿಮ್ಮೂರಿಗೇ ವಿಷ ಕುಡಿಸಿದಿ?”

“ಆರು ವರ್ಷದ ಹಿಂದ ಮೊದಲ್ನೇ ಚಾರ್ಟ್ ಖರೇನ ಹಾಕಿದ್ದೆ ರೀ. ಚುಕ್ಕಿ ಗೆರಿ ದಾಟಿದ್ದು ನೋಡಿ ಅವತ್ತ ಪಂಚಾಯ್ತಿಯವ್ರು ಬೋರಿಗೆ ಬೀಗ ಹಾಕಿದ್ರು. ಟ್ಯಾಂಕರ್ ನಾಳೆ ಬರ್ತದ ಅಂದ್ರು, ಬರ್ಲಿಲ್ಲ. ನಮ್ಮಕ್ಕ ನೇತ್ರಾವತಿ ಕೊಡ ತಗೊಂಡು ಕಾಲುವಿಗೆ ಹೋದ್ಲು. ಕೊಡ ಸಿಕ್ತು ಮೊದ್ಲು, ಆಮ್ಯಾಲೆ ಹೆಣ.”

ಅದಾದ ಮೇಲೆ ಅವನು ಫಂಕ್ಷನ್ ಬರೆದ. ಮುಂದಿನ ಚಾರ್ಟ್ ನೋಡಿ ಬೀಗ ತೆಗೆದರು.

“ನಿಮ್ಮವ್ವ ಯಾವ ನೀರು ಕುಡೀತಾಳ?”

“ಅದನ್ನ ಕುಡೀತಿದ್ಲು ರೀ. ಹ್ವಾದ ವರ್ಷ ತೀರ್ಕೊಂಡ್ಲು. ಕಡೀಕ ಅಂಗೈ ಗಂಟಿಗೆ ಕೈ ಬಿಚ್ಚಾಕ ಬರ್ತಿರ್ಲಿಲ್ಲ.”

ಯಾರಿಗಾದರೂ ನಿಜ ಹೇಳಬೇಕಿತ್ತು ಎನ್ನಲು ವಿಜಯಲಕ್ಷ್ಮಿ ಬಾಯಿ ತೆರೆದಳು. ಒಮ್ಮೆ ಹೇಳಿದ್ದನಲ್ಲ ಎಂದು ನೆನಪಾಗಿ, ಜೀಪು ಹತ್ತುವಂತೆ ಅವನಿಗೆ ಸನ್ನೆ ಮಾಡಿದಳು. ರಾತ್ರಿಯೊಳಗೆ ಬಂಧನದ ಕಾಗದಗಳಿಗೆ ಸಹಿ ಬಿತ್ತು.

ಮರುದಿನ ಬೋರ್‌ವೆಲ್‌ಗೆ ಮತ್ತೆ ಬೀಗ ಹಾಕಿದರು. ಟ್ಯಾಂಕರ್ ನಾಳೆ ಬರುತ್ತದೆ ಎಂದರು.

ವಿಜಯಲಕ್ಷ್ಮಿ ಲೆಕ್ಕ ಹಾಕಿದಳು: ಕಾಲುವೆಗೆ ಒಬ್ಬಳು, ಬೋರ್‌ವೆಲ್‌ಗೆ ಇಬ್ಬರು. ಒಟ್ಟು ಮೂರು ಜೀವ.