ಕಾಪಿಯಲ್ಲಿ ಇಲ್ಲದ ಸಾಲು

ಹಾಳೆಯ ಕೆಳಗಿನ ಮೂಲೆಯಲ್ಲಿ ಅವನ ಸಹಿ ಇತ್ತು.

ಸ್ಟೆನೋ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ನೋಡಿದಳು. ಅನುಮಾನವೇ ಬೇಡ. ಅವಸರದಲ್ಲಿ ಸುತ್ತಿದ ಒಂದು ಸುರುಳಿ, ಅದರ ಕೆಳಗೆ ಒತ್ತಿ ಇಟ್ಟ ಒಂದು ಚುಕ್ಕೆ. ಕೋರ್ಟಿನ ನಕಲು ವಿಭಾಗದಲ್ಲಿ ಮೂರು ವರ್ಷ ಎದುರುಬದುರು ಕೂತು ಕೆಲಸ ಮಾಡಿದವಳಿಗೆ ಆ ಸಹಿ ಗೊತ್ತಾಗದೆ ಇರುತ್ತದೆಯೇ? ಒಮ್ಮೆ ತನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಾನೇ ಅದನ್ನು ಬರೆದು ನೋಡಿ, ನಾಚಿಕೊಂಡು ಗೀಚಿ ಹಾಕಿದ್ದೂ ಉಂಟು.

ಆ ಸಹಿ ಇವತ್ತು ಒಂದು ಸುಳ್ಳಿನ ಕೆಳಗೆ ಕೂತಿತ್ತು.

‘ಏಳು ಮಂದಿ ಆರೋಪಿಗಳ ಬಂಧನವನ್ನು ಮುಂದುವರಿಸತಕ್ಕದ್ದು’ ಎಂದಿತ್ತು ಹಾಳೆಯಲ್ಲಿ. ಶುಕ್ರವಾರ ನ್ಯಾಯಾಧೀಶರು ಹೇಳಿದ್ದು ಅದಲ್ಲ. ಅಂದು ಪೊಲೀಸರು ಕೋರ್ಟಿನ ಕೋಣೆಯನ್ನು ಖಾಲಿ ಮಾಡಿಸಿ ಬಾಗಿಲು ಹಾಕಿದ್ದರು. ಒಳಗಿದ್ದವರು ಮೂರೇ ಜನ: ನ್ಯಾಯಾಧೀಶರು, ಸರ್ಕಾರದ ವಕೀಲ ಮತ್ತು ಅವಳು. ಆರೋಪಿಗಳು ಏಳು ಜನ ನರ್ಸುಗಳು. ಮೆರವಣಿಗೆಯ ದಿನ ಗುಂಡು ತಗುಲಿ ಆಸ್ಪತ್ರೆಗೆ ಬಂದವರನ್ನು ರಿಜಿಸ್ಟರಿನಲ್ಲಿ ಇದ್ದದ್ದು ಇದ್ದಂತೆ ಬರೆದಿದ್ದರು. ಅಳಿಸಿ ಎಂದಾಗ ಅಳಿಸಲಿಲ್ಲ. ಅವರು ಮಾಡಿದ ತಪ್ಪು ಅಷ್ಟೇ.

‘ಏಳು ಮಂದಿಯನ್ನೂ ಇಂದೇ ಬಿಡುಗಡೆ ಮಾಡತಕ್ಕದ್ದು’ ಎಂದು ಹೇಳಿ ಮುಗಿಸಿದ ನ್ಯಾಯಾಧೀಶರು ಅವಳ ಕಡೆ ಬಗ್ಗಿ, "ಬರ್ಕೊಂಡ್ರೇನಮ್ಮಾ?" ಎಂದು ಕೇಳಿದ್ದರು. ಎಂದೂ ಹಾಗೆ ಕೇಳಿದವರಲ್ಲ.

"ಬರ್ಕೊಂಡೆ ಸಾರ್."

ಮಧ್ಯಾಹ್ನದೊಳಗೆ ಅವರು ಅನಾರೋಗ್ಯದ ರಜೆಯ ಮೇಲೆ ಹೋಗಿದ್ದಾರೆಂದು ನೋಟಿಸ್ ಬೋರ್ಡಿನಲ್ಲಿ ಚೀಟಿ ಬಿತ್ತು. ಬೆಳಿಗ್ಗೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ ಮನುಷ್ಯ! ಇಂದು ಸೋಮವಾರ. ಅವಳು ಇನ್ನೂ ಟೈಪ್ ಮಾಡದ ಆದೇಶ ತಾನಾಗಿಯೇ ಟೈಪ್ ಆಗಿ ಮೇಜಿನ ಮೇಲೆ ಬಂದು ಕೂತಿತ್ತು.

"ತಾಳೆಗಾರರದ್ದು ಆಗಿದೆ, ನಿಮ್ಮದೊಂದು ಸಹಿ ಬಾಕಿ," ಎಂದರು ಸೂಪರಿಂಟೆಂಡೆಂಟ್. ಒಳ್ಳೆಯ ಮಾತಿನ ಮನುಷ್ಯ, ಗದರಿಸುವಾಗಲೂ ಕೈಯಲ್ಲಿ ಚಹಾ ಕಪ್ ಇರುತ್ತಿತ್ತು. "ಮೂರು ಗಂಟೆಗೆ ಕಿಟಕಿಯಲ್ಲಿ ಕಾಪಿ ಕೊಡ್ಬೇಕು. ನಾಲ್ಕಕ್ಕೆ ಅವರನ್ನ ಗಡಿ ಜೈಲಿಗೆ ಸಾಗಿಸ್ತಾರೆ. ಹಾಂ, ಶುಕ್ರವಾರದ ನೋಟ್‌ಬುಕ್ಕೂ ಕೊಟ್ಬಿಡಿ."

"ಅದು ಮನೇಲಿದೆ ಸಾರ್," ಎಂದಳು. ನೋಟ್‌ಬುಕ್ ಅವಳ ಕಾಲ ಬಳಿಯ ಬ್ಯಾಗಿನಲ್ಲಿತ್ತು.

"ಊಟದ ಹೊತ್ತಲ್ಲಿ ಹೋಗಿ ತನ್ನಿ. ನಿಮ್ಮಂಥ ಜಾಣೆಗೆ ಬಿಡಿಸಿ ಹೇಳ್ಬೇಕಾ?"

ಗಡಿ ಜೈಲಿಗೆ ಹೋದವರಿಂದ ಒಂದು ವರ್ಷದಿಂದ ಒಂದೇ ಒಂದು ಕಾಗದ ಬಂದಿರಲಿಲ್ಲ. ಅದು ಊರಿಗೆಲ್ಲ ಗೊತ್ತಿತ್ತು.

ಈ ತಾಳೆಗಾರನ ವಿಷಯ ಇಲ್ಲಿ ಸ್ವಲ್ಪ ಹೇಳಲೇಬೇಕು. ಆ ವಿಭಾಗದಲ್ಲಿ ಒಂದು ಕಾಪಿ ಹೊರಗೆ ಹೋಗಬೇಕಾದರೆ ಇಬ್ಬರು ಕೂರಬೇಕು. ಸ್ಟೆನೋ ತನ್ನ ಶೀಘ್ರಲಿಪಿಯ ನೋಟ್‌ಬುಕ್ಕಿನಿಂದ ಸಾಲು ಸಾಲಾಗಿ ಗಟ್ಟಿಯಾಗಿ ಓದುತ್ತಾಳೆ, ಅವನು ಟೈಪಾದ ಹಾಳೆಯ ಮೇಲೆ ಸ್ಕೇಲ್ ಇಟ್ಟು ತಾಳೆ ನೋಡುತ್ತಾ "ಇದೆ... ಇದೆ..." ಎನ್ನುತ್ತಾನೆ. ಅದು ಅವನ ಕೆಲಸ. ಬಂದ ಮೊದಲ ವಾರ ಅವನು ತಲೆ ತಗ್ಗಿಸಿಕೊಂಡು ಕೂತಿದ್ದನ್ನು ನೋಡಿ, ನಿದ್ದೆ ಮಾಡುತ್ತಿದ್ದಾನೋ ಏನೋ ಎಂದು ಅವಳು ಮಧ್ಯೆ ಒಂದು ಸಾಲು ತೂರಿಸಿದಳು: "ಎದುರಿಗೆ ಕೂತಿರುವ ವ್ಯಕ್ತಿಯು ಗೊರಕೆ ಹೊಡೆಯುತ್ತಿರುವುದು ಕಂಡುಬಂದಿದೆ."

ಅವನು ತಲೆ ಎತ್ತದೆ, "ಕಾಪಿಯಲ್ಲಿ ಇಲ್ಲ ಮೇಡಂ," ಎಂದ. ಆದರೆ ಕಿವಿ ಕೆಂಪಗಾಗಿತ್ತು.

ಅಲ್ಲಿಂದ ಅದೇ ಚಾಳಿಯಾಯಿತು. ದಿನಕ್ಕೊಂದು ಸಾಲು. ‘ಸದರಿ ವ್ಯಕ್ತಿಯ ಹೊಸ ಶರ್ಟಿನ ಬಣ್ಣ ಕಣ್ಣಿಗೆ ಚುಚ್ಚುತ್ತಿದೆ.’ ಕಾಪಿಯಲ್ಲಿ ಇಲ್ಲ. ‘ಸದರಿ ವ್ಯಕ್ತಿ ನಿನ್ನೆ ರಜೆ ಹಾಕಿದ್ದರಿಂದ ಕಚೇರಿಯಲ್ಲಿ ಬೇಸರ ಉಂಟಾಯಿತು.’ ಆ ದಿನ ಅವನು ಸ್ಕೇಲನ್ನು ಒಂದು ಕ್ಷಣ ಹಾಗೇ ಹಿಡಿದುಕೊಂಡ. ತಲೆ ಎತ್ತಿದ. ಕಣ್ಣಂಚಿನಲ್ಲಿ ನಗು ಬಂದು, ತುಟಿಗೆ ಇಳಿಯಲು ಹೆದರಿ ಅಲ್ಲೇ ನಿಂತಿತು. "ಕಾಪಿಯಲ್ಲಿ... ಇಲ್ಲ," ಎಂದ, ಬಹಳ ನಿಧಾನವಾಗಿ. ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಒಂದು ಅಕ್ಷರ ತಪ್ಪಿದರೂ ಬಿಡದವನು ಹೀಗೆ ಮಾಡಿದನೇ?

ಹಳೆಯ ಫೈಲುಗಳ ಕೋಣೆಯಲ್ಲಿ ಅವನು ಏಣಿಯ ಮೇಲಿದ್ದ. ಅವಳು ಹಾಳೆಯನ್ನು ಮೇಲಕ್ಕೆ ಚಾಚಿದಳು.

"ಇದಕ್ಕೆ ಏನು ಸಿಕ್ತು ನಿಮಗೆ? ಪ್ರಮೋಷನ್ನಾ?"

ಅವನು ಓದಿದ. ಏಣಿ ಇಳಿದು, ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತ.

"ಇದನ್ನ ನಾನು ನೋಡೇ ಇಲ್ಲ."

"ಸಹಿ ತಾನಾಗೇ ನಡ್ಕೊಂಡು ಬಂತಾ?"

"ಸಹಿ ನಂದೇ. ಹಾಳೆ ಖಾಲಿ ಇದ್ದಾಗ ಹಾಕಿದ್ದು." ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡ. "ದಿನಾ ಬೆಳಿಗ್ಗೆ ಐವತ್ತು ಹಾಳೆಗೆ ಮೊದಲೇ ಸಹಿ ಹಾಕಿ ಡ್ರಾಯರಿನಲ್ಲಿ ಇಟ್ಟಿರ್ತೀನಿ. ಟೈಪಾದ್ಮೇಲೆ ತಾಳೆ ನೋಡಿದ್ರಾಯ್ತು, ಸಂಜೆ ಸಹಿಗೆ ಅಂತ ಅರ್ಧ ಗಂಟೆ ಕೂರೋದು ತಪ್ಪುತ್ತೆ. ಸೂಪರಿಂಟೆಂಡೆಂಟರಿಗೆ ಆ ಡ್ರಾಯರ್ ಗೊತ್ತು."

"ಅರ್ಧ ಗಂಟೆ ಉಳಿಸಿ ಯಾವ ರಾಜ್ಯ ಆಳ್ಬೇಕಿತ್ತು ನಿಮಗೆ?"

ಅವನು ಕಾಲ ಬಳಿಯ ಫೈಲುಗಳನ್ನು ನೋಡುತ್ತಾ, "ನಿಮ್ಮದು ಐದು ಹತ್ತರ ಬಸ್ಸು," ಎಂದ. "ಸಹಿ ಹಾಕ್ತಾ ಕೂತ್ರೆ ನನಗೆ ಅದು ತಪ್ಪೋಗ್ತಿತ್ತು."

ಮೂರು ವರ್ಷ ಆ ಬಸ್ಸಿನಲ್ಲಿ ಅವನು ಎರಡು ಸೀಟು ಹಿಂದೆ ಕೂತು ಬಂದಿದ್ದ. ಅವನ ಮನೆಯೂ ಅದೇ ದಾರಿಯಲ್ಲಿ ಎಂದುಕೊಂಡಿದ್ದಳು.

"ನಿಮ್ಮ ಮನೆ ಎಲ್ಲಿ?"

"ಊರಿನ ಆ ಕಡೆ. ನೀವು ಇಳಿದ್ಮೇಲೆ ವಾಪಸ್ ಬಸ್ ಹತ್ತಿ ಹೋಗ್ತೀನಿ."

ಬೇರೆ ಯಾವ ದಿನವಾದರೂ ಈ ಮಾತಿಗೆ ಅವಳು ಗಾಳಿಯಲ್ಲಿ ತೇಲಿಬಿಡುತ್ತಿದ್ದಳು. ಇವತ್ತು ಅದೇ ಮಾತು ಏಳು ಜನರ ಕೈಗೆ ಬೇಡಿಯಾಗಿತ್ತು. ಸಿಟ್ಟೂ ಬಂತು, ಅಳುವೂ ಬಂತು. ಯಾವುದು ಮೊದಲು ಬಂತೆಂದು ಅವಳಿಗೇ ತಿಳಿಯಲಿಲ್ಲ.

"ನೋಟ್‌ಬುಕ್ ನನಗೆ ಕೊಡಿ," ಎಂದ ಅವನು. "ನಾನೇ ಕಿಟಕಿಯಲ್ಲಿ ನಿಂತು ಎಲ್ಲ ಹೇಳ್ತೀನಿ. ಖಾಲಿ ಹಾಳೆಗೆ ಸಹಿ ಹಾಕೋದು ಅಪರಾಧ, ಒಳಗೆ ಹಾಕ್ತಾರೆ, ಹಾಕ್ಲಿ. ನೀವು ಕಳೆದುಹೋಯ್ತು ಅನ್ನಿ. ನಿಮ್ಮ ಮೇಲೆ ಏನೂ ಬರಲ್ಲ."

"ನನ್ನ ಶೀಘ್ರಲಿಪಿ ಓದೋಕೆ ಬರುತ್ತಾ ನಿಮಗೆ?"

"ಮೂರು ವರ್ಷದಿಂದ ತಲೆಕೆಳಗಾಗಿ ನೋಡ್ತಿದೀನಿ. ಒಂದು ಗೆರೆ ತಲೆಗೆ ಹತ್ತಿಲ್ಲ."

"ಮತ್ತೆ ಏನಂತ ಓದ್ತೀರಿ, ಗೊರಕೆ ಅಂತನಾ?" ಎಂದು ರೇಗಿದಳು. ಇಬ್ಬರಿಗೂ ನಗು ಬಂದುಬಿಟ್ಟಿತು, ಮರುಕ್ಷಣವೇ ಹೋಯಿತು. ಹೊರಗೆ ಕಾರಿಡಾರಿನಲ್ಲಿ ಬೂಟಿನ ಸದ್ದು ಹಾದು ಹೋದ ಮೇಲೆ, "ಓದೋಳು ನಾನೇ. ನೀವು ಎದುರಿಗೆ ಕೂತು ತಾಳೆ ನೋಡಿ," ಎಂದಳು. "ಇರ್ತೀನಿ," ಎಂದ ಅವನು.

ಊಟದ ಹೊತ್ತಿನಲ್ಲಿ ಅವಳು ಮನೆಗೆ ಹೋದಳು. ಅಪ್ಪ ಟೈಲರ್. ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರದ ಮುಂದೆ ಕೂತೇ ಎಲ್ಲವನ್ನೂ ಕೇಳಿಸಿಕೊಂಡರು.

"ಊರ ಉಸಾಬರಿ ನಮಗ್ಯಾಕೆ ಮಗಳೇ? ವಕೀಲರಿದ್ದಾರೆ, ಪೇಪರಿನವರಿದ್ದಾರೆ, ಮೇಲಿನ ಕೋರ್ಟಿದೆ."

"ವಕೀಲರ ಸಂಘ ಮೂರು ಸಲ ಮೀಟಿಂಗ್ ಮುಂದಕ್ಕೆ ಹಾಕಿದೆ. ಪೇಪರಲ್ಲಿ ಹವಾಮಾನ ಬಿಟ್ರೆ ಏನೂ ಬರ್ತಿಲ್ಲ. ಮೇಲಿನ ಕೋರ್ಟಿಗೆ ತಿಂಗಳಿಂದ ಬೀಗ. ಎಲ್ಲರೂ ಇನ್ನೊಬ್ಬರು ನೋಡ್ಕೋತಾರೆ ಅಂತ ಕೂತಿದ್ದಾರಪ್ಪ. ನೋಡ್ತಾ ನೋಡ್ತಾ ಸರದಿ ನನ್ನ ಹತ್ರ ಬಂದು ನಿಂತಿದೆ."

ಅಪ್ಪ ಯಂತ್ರ ತುಳಿದರು, ನಿಲ್ಲಿಸಿದರು. ನೇರ ಹೊಲಿಗೆಗೆ ಹೆಸರಾದವರು ಅಂದು ಕಾಲರನ್ನು ಓರೆಯಾಗಿ ಹೊಲಿದಿದ್ದರು. ಅದನ್ನು ಬಿಚ್ಚುತ್ತಾ, "ಆ ಹುಡುಗ ಜೊತೆಗೆ ಇರ್ತಾನಾ?" ಎಂದು ಕೇಳಿದರು.

"ಇರ್ತೀನಿ ಅಂದಿದ್ದಾನೆ."

"ಸರಿ, ಊಟ ಮಾಡಿ ಹೋಗು. ಹೊಟ್ಟೆ ತುಂಬಿದ್ರೆ ದನಿ ನಡುಗಲ್ಲ."

ಮೂರಕ್ಕೆ ಐದು ನಿಮಿಷವಿತ್ತು. ಕಿಟಕಿಯ ಆಚೆ ನರ್ಸುಗಳ ಮನೆಯವರು ನಿಂತಿದ್ದರು. ಎಲ್ಲರಿಗಿಂತ ಮುಂದೆ ಒಬ್ಬಳು ವಯಸ್ಸಾದ ತಾಯಿ, ಕೈಯಲ್ಲಿ ಮಗಳಿಗೆ ಕೊಡಲು ತಂದ ಸ್ವೆಟರ್. ಈಚೆ ಮೇಜಿನ ಎರಡೂ ಬದಿಗೆ ಅವರಿಬ್ಬರು. ಸೂಪರಿಂಟೆಂಡೆಂಟ್ ಬಾಗಿಲಲ್ಲಿ ಕಪ್ ಹಿಡಿದು ನಿಂತು, ಸಹಿ ಹಾಕಿ ಎಂಬಂತೆ ಕಣ್ಣಲ್ಲೇ ಸನ್ನೆ ಮಾಡಿದರು.

ತಾಳೆಗಾರ ಕಿಟಕಿಯ ಕಡೆ ತಿರುಗಿದ. "ಅಮ್ಮಾ, ಕಾಪಿ ತಗೊಳ್ಳೋ ಮೊದಲು ನಿಮ್ಮ ಮುಂದೇನೇ ಓದಿಸಿ ತಾಳೆ ನೋಡಿಸ್ಬಹುದು. ಬೋರ್ಡಿನಲ್ಲಿ ನಾಲ್ಕನೇ ನಿಯಮ. ಕೇಳ್ತೀರಾ?"

ಕಿಟಕಿಯ ಮೇಲಿನ ಬೋರ್ಡಿನ ಆ ನಾಲ್ಕನೇ ನಿಯಮವನ್ನು ಅವರಿಬ್ಬರ ಕಾಲದಲ್ಲಿ ಯಾರೂ ಕೇಳಿದ್ದಿಲ್ಲ. ಆ ತಾಯಿ ಅವನ ಮುಖವನ್ನು ನೋಡಿದಳು, ಮತ್ತೆ ಸ್ಟೆನೋಳ ಮುಖವನ್ನು.

"ಓದಿ," ಎಂದಳು.

"ಅದೆಲ್ಲ ಬೇಕಾಗಿಲ್ಲ!" ಸೂಪರಿಂಟೆಂಡೆಂಟರ ಕಪ್ಪಿನಿಂದ ಚಹಾ ಚೆಲ್ಲಿತು. ಆದರೆ ನೋಟ್‌ಬುಕ್ ಆಗಲೇ ಬ್ಯಾಗಿನಿಂದ ಹೊರಬಂದಿತ್ತು.

ಅವಳು ಎದ್ದು ನಿಂತು ಓದಿದಳು. "ಆಸ್ಪತ್ರೆಯ ರಿಜಿಸ್ಟರಿನಲ್ಲಿ ನಿಜ ಬರೆಯುವುದು ಅಪರಾಧವಾಗಲಾರದು."

ಅವನು ಹಾಳೆಯ ಮೇಲೆ ಸ್ಕೇಲ್ ಇಟ್ಟಿದ್ದ, ಎಂದಿನಂತೆ. "ಕಾಪಿಯಲ್ಲಿ ಇಲ್ಲ."

"ಆರೋಪಿಗಳ ವಿರುದ್ಧ ಯಾವುದೇ ಸಾಕ್ಷ್ಯ ಹಾಜರುಪಡಿಸಿಲ್ಲ."

"ಕಾಪಿಯಲ್ಲಿ ಇಲ್ಲ."

"ಏಳು ಮಂದಿಯನ್ನೂ ಇಂದೇ ಬಿಡುಗಡೆ ಮಾಡತಕ್ಕದ್ದು."

"ಕಾಪಿಯಲ್ಲಿ ಇಲ್ಲ." ಸ್ಕೇಲನ್ನು ಕೆಳಗಿಟ್ಟು, ಕಿಟಕಿಯಾಚೆಗೆ ಕೇಳಿಸುವಂತೆ ಹೇಳಿದ: "ಈ ಸಹಿ ನಂದು. ಖಾಲಿ ಹಾಳೆ ಮೇಲೆ ಹಾಕಿದ್ದು. ಅದರ ಮೇಲೆ ಇದನ್ನ ಟೈಪ್ ಮಾಡಿದ್ದಾರೆ. ತಪ್ಪು ನಂದು, ಒಪ್ಕೊಳ್ತೀನಿ. ಆದೇಶ ಮಾತ್ರ ಅವರು ಓದಿದ್ದೇ ನಿಜ."

ಸಾಲಿನ ಕೊನೆಯಲ್ಲಿದ್ದವನೊಬ್ಬ, "ಇನ್ನೊಂದ್ಸಲ ಓದಿ, ಬರ್ಕೋತೀವಿ," ಎಂದ. ಅವಳು ಓದಿದಳು. ಆ ತಾಯಿ ಬಾಯಲ್ಲೇ ಹೇಳಿಕೊಂಡಳು, ಹಿಂದಿನವರು ಅವಳಿಂದ ಕೇಳಿಕೊಂಡರು. ಫೋನುಗಳು ಮೇಲೆದ್ದವು. ಕಾರಿಡಾರಿನಲ್ಲಿ ತಲೆ ತಗ್ಗಿಸಿ ಹೋಗುತ್ತಿದ್ದ ವಕೀಲರಲ್ಲಿ ಇಬ್ಬರು ನಿಂತರು, ಒಬ್ಬಳು ಪೆನ್ನು ತೆಗೆದಳು. ತಡೆಯಲು ಬಂದ ಕಾವಲುಗಾರ, ಮೂರನೆಯ ಸಲ ಓದುವುದು ಮುಗಿಯುವವರೆಗೂ ಬಾಗಿಲ ಹಿಡಿಕೆ ಹಿಡಿದುಕೊಂಡೇ ನಿಂತಿದ್ದ. ನಾಲ್ಕು ಗಂಟೆಯ ಹೊತ್ತಿಗೆ ಜೈಲಿನ ಗೇಟಿನ ಮುಂದೆ ಜನ ಸೇರಿ ಅದೇ ಮೂರು ಸಾಲು ಹೇಳುತ್ತಿದ್ದರು. ವ್ಯಾನ್ ಹೊರಡಲಿಲ್ಲ.

ಅವನನ್ನು ಆ ಸಂಜೆಯೇ ಕರೆದುಕೊಂಡು ಹೋದರು. ಅವಳನ್ನು ಎರಡು ದಿನ ಪ್ರಶ್ನೆ ಕೇಳಿ ಕಳಿಸಿದರು. ಐದು ಹತ್ತರ ಬಸ್ಸಿನಲ್ಲಿ ಅವಳು ದಿನಾ ಹೋಗಿ ಜೈಲಿನ ಗೇಟಿನ ಬಳಿ ಇಳಿದು, ಜನರ ಜೊತೆ ನಿಂತು ಬರುತ್ತಿದ್ದಳು. ದಿನ ದಿನಕ್ಕೆ ನಿಲ್ಲುವವರು ಹೆಚ್ಚಾದರು. ಒಂದು ದಿನ ಅಪ್ಪನೂ ಅಂಗಡಿಗೆ ಬಾಗಿಲು ಹಾಕಿ ಬಂದರು. ಹನ್ನೊಂದನೆಯ ದಿನ ಏಳು ಜನರನ್ನೂ ಬಿಟ್ಟರು. ಯಾವ ಆದೇಶದ ಮೇಲೆ ಎಂದು ಯಾರೂ ಹೇಳಲಿಲ್ಲ.

ಹದಿಮೂರನೆಯ ದಿನ ಬೆಳಿಗ್ಗೆ ತಾಳೆಗಾರ ಬಂದ. ಸೊರಗಿದ್ದ, ಗಡ್ಡ ಬಂದಿತ್ತು. ಜಾಮೀನಿನ ಮೇಲೆ ಬಿಟ್ಟಿದ್ದರು, ಕೇಸು ಇನ್ನೂ ಇತ್ತು. ಟೈಲರ್ ಅಂಗಡಿಯ ಬೆಂಚಿನ ಮೇಲೆ, ಅವಳಿಂದ ಒಂದು ಮೊಳ ದೂರದಲ್ಲಿ ಕೂತು ಜೇಬಿನಿಂದ ಲಕೋಟೆ ತೆಗೆದ.

"ಅಮಾನತು ಪತ್ರ. ನಿಮಗೂ ಬಂತಾ?"

"ಬಂತು. ತಾಳೆ ನೋಡೋಣ, ಇಬ್ಬರಿಗೂ ಒಂದೇ ಬರೆದಿದ್ದಾರೋ ಇಲ್ವೋ." ಅವಳು ತನ್ನದನ್ನು ಬಿಡಿಸಿದಳು. "ಸದರಿ ನೌಕರರನ್ನು ತಕ್ಷಣದಿಂದ ಅಮಾನತಿನಲ್ಲಿ ಇಡಲಾಗಿದೆ."

"ಇದೆ."

"ಕರ್ತವ್ಯಲೋಪ ಎಸಗಿರುವುದು ಕಂಡುಬಂದಿದೆ."

"ನನ್ನ ಮಟ್ಟಿಗೆ ಅದು ನಿಜಾನೇ," ಎಂದ, ಮೆಲ್ಲಗೆ. "ಇದೆ."

ಯಂತ್ರದ ಸದ್ದು ನಿಂತಿತ್ತು. ಅಪ್ಪ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಆ ಕಡೆ ತಿರುಗಿ ಕೂತಿದ್ದರು. ಅವಳ ಎದೆ ನಕಲು ಕಿಟಕಿಯಲ್ಲೂ ಹೀಗೆ ಹೊಡೆದುಕೊಂಡಿರಲಿಲ್ಲ. ಕಾಗದದಿಂದ ಕಣ್ಣು ಕೀಳದೆ, ಅದೇ ಓದುವ ದನಿಯಲ್ಲಿ ಮುಂದುವರಿಸಿದಳು.

"ಸದರಿ ಸ್ಟೆನೋ ಮೂರು ವರ್ಷದಿಂದ ಸದರಿ ತಾಳೆಗಾರನನ್ನು ಪ್ರೀತಿಸುತ್ತಿದ್ದು, ಮುಂದೆ ಏನೇ ಬಂದರೂ ಜೊತೆಯಲ್ಲೇ ಇರುವುದಾಗಿ ತೀರ್ಮಾನಿಸಿರುತ್ತಾಳೆ."

ಅವನು ತನ್ನ ಕಾಗದದ ಮೇಲೆ ಬೆರಳಿಟ್ಟುಕೊಂಡು ನೋಡಿದ. ಮೇಲಿನಿಂದ ಕೆಳಗಿನವರೆಗೂ, ಹಿಂದೆ ತಿರುಗಿಸಿ ಖಾಲಿ ಬದಿಯನ್ನೂ ನೋಡಿದ. ತಲೆ ಎತ್ತಿದಾಗ ಕಣ್ಣು ತುಂಬಿತ್ತು. ಈ ಸಲ ನಗು ಹೆದರದೆ ತುಟಿಯವರೆಗೂ ಬಂತು.

"ಇದೆ," ಎಂದ. "ಕಾಪಿಯಲ್ಲಿ ಇದೆ."