ಮೂತಿ ಬಿರಿದ ಆಲ್ಬಟ್ರಾಸ್

"ಹಾಳುಮಾಡಿಬಿಟ್ಲು! ನನ್ನ ವಿಮಾನಾನ ಹಾಳುಮಾಡಿಬಿಟ್ಲು!"

ಭಾನುವಾರ ಬೆಳಿಗ್ಗೆ ಈ ಕಿರುಚಾಟ ಕೇಳಿದ ಬೋಹುಮಿಲ್ ಬಿಯರ್ ಪೀಪಾಯಿಯನ್ನು ಉರುಳಿಸುತ್ತಿದ್ದಲ್ಲೇ ಬಿಟ್ಟು ತನ್ನ ಪಬ್ಬಿನ ಹಿಂದಿನ ಹಜಾರಕ್ಕೆ ಓಡಿದ. ಚೆಕ್ ದೇಶದ ಒಲೊಮೋತ್ಸ್ ಊರಿನ ಮಾದರಿ ವಿಮಾನ ಸಂಘದವರ ವಾರ್ಷಿಕ ಪ್ರದರ್ಶನ ನಡೆಯುತ್ತಿದ್ದುದು ಅಲ್ಲೇ. ಗಾಜಿನ ಕಪಾಟಿನ ಮುಂದೆ ಸಂಘದ ಅಧ್ಯಕ್ಷ, ಬೇರಿಂಗ್ ಕಾರ್ಖಾನೆಯ ಇಂಜಿನಿಯರ್ ರಾದೊವಾನ್, ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದ.

ಕಪಾಟಿನ ಮೇಲಿನ ಹಲಗೆಯಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಆಲ್ಬಟ್ರಾಸ್ ಜೆಟ್ ಇತ್ತು. ಹಿಂದಿನ ದಿನವಷ್ಟೇ ಚಿನ್ನದ ಪದಕ ಅದಕ್ಕೇ ಎಂದು ತೀರ್ಪಾಗಿತ್ತು. ಈಗ ಅದರ ಮೂತಿ ಉದ್ದಕ್ಕೆ ಸೀಳಿತ್ತು. ಕೆಳಗಿನ ಕಪ್ಪು ಬಟ್ಟೆಯ ಮೇಲೆ ಬಿಳಿ ಪುಡಿ ಚೆಲ್ಲಿತ್ತು.

ಕಪಾಟಿನೊಳಗಿನ ದೀಪ ಇನ್ನೂ ಉರಿಯುತ್ತಿತ್ತು. ಆರಿಸಲು ಕೈಯಿಟ್ಟ ಬೋಹುಮಿಲ್ ಬೆರಳು ಸುಟ್ಟುಕೊಂಡು ಹಿಂದೆಗೆದ.

"ರಾತ್ರಿಯೆಲ್ಲಾ ಉರಿಸಿದೀರಾ ಇದನ್ನ?"

"ಬೀದಿಯಲ್ಲಿ ಹೋಗೋರಿಗೂ ಕಿಟಕಿಯಿಂದ ಕಾಣ್ಲಿ ಅಂತ ಬಿಟ್ಟಿದ್ದೆ. ಈಗ ದೀಪದ ಮಾತು ಯಾಕ್ರೀ? ಬೀಗದ ಕೈ ಇದ್ದಿದ್ದು ಇಬ್ಬರ ಹತ್ರ. ಒಂದು ನಂದು. ಇನ್ನೊಂದು ಇವಳದ್ದು!"

ಅವನು ಬೆರಳು ತೋರಿಸಿದ್ದು ಇವೆಟಾಳ ಕಡೆಗೆ. ಸಂಘದ ಹಿರಿಯ ಓತಾಕರನ ಮಗಳು ಅವಳು; ಅಪ್ಪನ ಕಾಲದಿಂದಲೂ ಕಪಾಟಿನ ಒಂದು ಬೀಗದ ಕೈ ಅವಳ ಮನೆಯಲ್ಲೇ ಇತ್ತು. ಓತಾಕರ್ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವನ ಫೋಟೊ ಹಜಾರದ ಗೋಡೆಯ ಮೇಲಿತ್ತು. ನಿನ್ನೆ ತೀರ್ಪು ಹೊರಬಿದ್ದ ಕೂಡಲೇ ಇವೆಟಾ ಎಲ್ಲರೆದುರು, "ಇದು ನಮ್ಮಪ್ಪನ ಕೈಕೆಲಸ, ಇವರದ್ದಲ್ಲ" ಎಂದು ಕೂಗಾಡಿದ್ದಳು. ಸಾಕ್ಷಿ ಕೇಳಿದರೆ ಅವಳ ಬಳಿ ಏನೂ ಇರಲಿಲ್ಲ. ಜನ ನಕ್ಕು ಬಿಯರಿನ ಕಡೆ ತಿರುಗಿದ್ದರು.

"ನಾನು ಮುಟ್ಟಿಲ್ಲ," ಎಂದಳು ಇವೆಟಾ. "ಮುರಿಯೋ ಹಾಗಿದ್ರೆ ವಿಮಾನದ ಮೂತಿ ಯಾಕೆ, ನಿಮ್ಮ ಮೂಗೇ ಮುರೀತಿದ್ದೆ."

"ಕೇಳಿದ್ರಾ? ಮಧ್ಯಾಹ್ನ ಬಹುಮಾನ ಕೊಡೋ ಹೊತ್ತಿಗೆ ಎಲ್ಲರೆದುರು ತಪ್ಪೊಪ್ಪಿಕೋಬೇಕು. ಇಲ್ಲಾಂದ್ರೆ ಪೊಲೀಸ್ ಕರೀತೀನಿ. ನಿಮ್ಮಪ್ಪನ ಫೋಟೊನೂ ಇವತ್ತೇ ಗೋಡೆಯಿಂದ ಇಳಿಯುತ್ತೆ."

ಬೋಹುಮಿಲ್ ಇನ್ನು ತಡಮಾಡಲಿಲ್ಲ. ಪಬ್ಬಿನ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಯಾರ್ಮಿಲಾಳ ಬಾಗಿಲು ಬಡಿದ. ಒಡೆದ ವಸ್ತು ತಾನಾಗಿ ಒಡೆಯಿತೋ ಯಾರಾದರೂ ಒಡೆದರೋ ಎಂದು ವಿಮೆ ಕಂಪನಿಗೆ ಹೇಳುವುದೇ ಅವಳು ನಿವೃತ್ತಳಾಗುವತನಕ ಮಾಡಿದ ಕೆಲಸ. ಆಮೇಲೆ ಬೀದಿಯ ಕಳವು, ಮೋಸ, ಕಾಣೆಯಾದ ನಾಯಿ ಎಲ್ಲವೂ ಅವಳ ಬಾಗಿಲಿಗೇ ಬರುತ್ತಿದ್ದವು. ಪ್ರತಿ ಸಲವೂ ಅವಳ ಹಿಂದೆ ಟಾರ್ಚು ಹಿಡಿದು ನಡೆದವನು ಬೋಹುಮಿಲ್.

ಅವಳು ಕೆಳಗೆ ಬಂದು ಯಾರನ್ನೂ ಮಾತಾಡಿಸದೆ ಭೂತಗನ್ನಡಿ ತೆಗೆದಳು.

"ಬೋಹುಮಿಲ್, ಕಾಲು ನೋಡು."

ಯಾರ ಕಾಲು ಎಂದು ಅವನಿಗೆ ಮೊದಲು ತಿಳಿಯಲಿಲ್ಲ. ಅವಳು ತೋರಿಸಿದ್ದು ವಿಮಾನದ ಚಕ್ರದ ಕಾಲುಗಳನ್ನು. ಸೂಜಿಗಿಂತ ತೆಳ್ಳಗಿದ್ದ ಮೂರೂ ಕಾಲುಗಳು ನೆಟ್ಟಗಿದ್ದವು. ಸೀಳಿನ ಅಂಚುಗಳು ಹೊರಕ್ಕೆ ಮಡಚಿಕೊಂಡಿದ್ದವು. ಬಣ್ಣದ ಮೇಲೆ ಒಂದು ಗೀರೂ ಇರಲಿಲ್ಲ.

ಬೋಹುಮಿಲ್ ಬಿಳಿ ಪುಡಿಯನ್ನು ಬೆರಳ ತುದಿಗೆ ತಾಗಿಸಿ, "ತಿಂಡಿ ಮೇಲಿನ ಸಕ್ಕರೆ ಪುಡಿ ಇರ್ಬೇಕು" ಎಂದು ನಾಲಿಗೆಯತ್ತ ಒಯ್ದ. ಯಾರ್ಮಿಲಾ ಅವನ ಕೈಗೆ ಪಟ್ಟನೆ ಹೊಡೆದಳು.

"ನೆಕ್ಕು! ನೆಕ್ಕಿದ್ರೆ ನಾಳೆ ನಿನ್ನ ಪಬ್ಬಿಗೆ ಬೀಗ. ಹೋಗಿ ಸೋಪು ಹಾಕಿ ಕೈ ತೊಳಿ."

ಅವನು ತೊಳೆದು ಬರುವಷ್ಟರಲ್ಲಿ ಅವಳು ಕಪಾಟಿನ ಕೆಳ ಹಲಗೆಗಳನ್ನು ನೋಡುತ್ತಿದ್ದಳು. ಅಲ್ಲಿ ರಾದೊವಾನನ ಇನ್ನೂ ಹಲವು ವಿಮಾನಗಳಿದ್ದವು.

"ಪೈಲಟ್ ಕೂರೋ ಜಾಗದ ಮುಚ್ಚಳ ನೋಡು. ಏನು ಕಾಣುತ್ತೆ?"

"ಮಬ್ಬು. ಒಳಗಡೆ ಮಂಜು ಕೂತ ಹಾಗಿದೆ, ಎಲ್ಲಾದಕ್ಕೂ."

"ಆಲ್ಬಟ್ರಾಸಿಂದು?"

"ನೀರಿನ ಹನಿ ಥರ ಇದೆ. ಸೀಟಿನ ಬೆಲ್ಟೂ ಕಾಣುತ್ತೆ."

ಯಾರ್ಮಿಲಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವಳ ಮೂಗಿನ ಹೊಳ್ಳೆ ಅರಳಿದ್ದನ್ನು ಬೋಹುಮಿಲ್ ಗಮನಿಸಿದ. ಅಷ್ಟು ಸಿಟ್ಟು ಅವಳಿಗೆ ಬಂದರೆ ಯಾರಿಗೋ ಕಾದಿದೆ ಎಂದೇ ಅರ್ಥ.

"ಇವೆಟಾ, ನಿಮ್ಮಪ್ಪ ಮಾಡಿದ ವಿಮಾನ ಮನೇಲಿ ಇದಾವಾ?"

"ಇದಾವೆ, ಮುರುಕಲು. ಅಪ್ಪ ಹೋದ ಮೇಲೆ ಇವರೇ ಬಂದು ಪೆಟ್ಟಿಗೆ ವಿಂಗಡಿಸಿದ್ರು. ಸಂಘಕ್ಕೆ ಅಂತ ಒಂದಷ್ಟು ಒಯ್ದು, ಉಳಿದಿದ್ದು ನಂಗೆ ಕೊಟ್ರು. ನಮ್ಮಪ್ಪನ ಕೆಲಸ ಗಟ್ಟಿ ಇರ್ಲಿಲ್ಲ, ತಾನಾಗೇ ಬಿರುಕು ಬಿಡುತ್ತೆ ಅಂತ ಇವರೇ ನಂಗೆ ಹೇಳಿದ್ದು." ಅವಳ ಕಣ್ಣು ತುಂಬಿತು, ಆದರೆ ದನಿ ಇಳಿಯಲಿಲ್ಲ. "ನಾನೂ ಅದನ್ನೇ ನಂಬಿದ್ದೆ. ಈಗ ನೆನೆಸಿಕೊಂಡ್ರೆ ಎಷ್ಟು ಕೋಪ ಬರುತ್ತೆ ನೋಡಿ."

"ಬರ್ಲಿ ಬಿಡು, ಬೇಕಾಗುತ್ತೆ. ಹೋಗಿ ಪೆಟ್ಟಿಗೆ ತಗೊಂಬಾ."

ಮಧ್ಯಾಹ್ನ ಹಜಾರ ತುಂಬಿತ್ತು. ಹುಳಿ ಸಾಸೇಜು, ಗಬ್ಬು ನಾರುವ ಊರಿನ ಚೀಸು, ಬಿಯರು ಎಲ್ಲಾ ಮೇಜುಗಳ ಮೇಲಿದ್ದವು. ತೀರ್ಪುಗಾರ ಸ್ಲಾವೆಕ್ ತಾತ ಮುಂದಿನ ಕುರ್ಚಿಯಲ್ಲಿ ಕೂತಿದ್ದ. ರಾದೊವಾನ್ ಕೋಟು ತೊಟ್ಟು ಬಂದಿದ್ದ.

"ಇಂಜಿನಿಯರ್ ಸಾಹೇಬ್ರೇ," ಎಂದಳು ಯಾರ್ಮಿಲಾ, "ಇದನ್ನ ಯಾವಾಗ ಕಟ್ಟಿದ್ರಿ?"

"ಈ ಚಳಿಗಾಲ. ಎಲ್ಲರಿಗೂ ಗೊತ್ತು."

"ಮೂತಿ ಹಗುರ ಆದ್ರೆ ಮುಂದೆ ಚಕ್ರ ಇರೋ ಇಂಥ ವಿಮಾನ ಬಾಲದ ಮೇಲೆ ಕುಕ್ಕರಿಸುತ್ತಲ್ಲ. ಭಾರಕ್ಕೆ ಏನಿಟ್ರಿ?"

ರಾದೊವಾನ್ ನಕ್ಕ. "ಬೇರಿಂಗ್ ಕಾರ್ಖಾನೆಯವನಿಗೆ ಕೇಳೋ ಪ್ರಶ್ನೆನಾ? ಉಕ್ಕಿನ ಗುಂಡು. ಸೂಪರ್ ಗ್ಲೂ ಒಂದು ಹನಿ ಬಿಟ್ಟೆ, ಕೂತ್ಕೊಳ್ತು."

"ಬೋಹುಮಿಲ್, ಬಾಟ್ಲಿ ಮುಚ್ಚಳ ಹಿಡಿಯೋ ಆಯಸ್ಕಾಂತ ಇದೆಯಲ್ಲ, ಕೊಡು."

ಬೋಹುಮಿಲ್ ಕೊಟ್ಟ. ಅವಳು ಅದನ್ನು ಸೀಳಿದ ಮೂತಿಗೆ ತಾಗಿಸಿದಳು. ಏನೂ ಅಂಟಲಿಲ್ಲ. ಮೂತಿಯನ್ನು ತಟ್ಟೆಯ ಮೇಲೆ ಬಗ್ಗಿಸಿ ಮೆಲ್ಲಗೆ ತಟ್ಟಿದಳು. ಬಿಳಿ ಹಿಟ್ಟು ಮೆತ್ತಿದ ಸಣ್ಣ ಉಂಡೆಗಳು ಉದುರಿದವು. ಒಂದನ್ನು ಚಾಕುವಿನಿಂದ ಕೊಯ್ದಳು. ಒಳಗೆ ಬೂದು ಲೋಹ ಹೊಳೆಯಿತು.

"ಸೀಸ. ಏರ್‌ಗನ್ ಗುಂಡು."

"ಹಾಂ, ಸೀಸನೇ," ಎಂದ ರಾದೊವಾನ್. "ಮರೆತಿದ್ದೆ. ಅದಕ್ಕೇನೀಗ? ಒಡೆದಿದ್ದು ಅವಳು ತಾನೇ?"

"ಯಾರೂ ಒಡೆದಿಲ್ಲ. ಹೊರಗಿನಿಂದ ಅಮುಕಿದ್ರೆ ಅಂಚು ಒಳಗೆ ಹೋಗ್ಬೇಕಿತ್ತು, ಹೊರಗೆ ಬಂದಿದೆ. ಕೈಯಲ್ಲಿ ಹಿಡಿದು ಸೀಳಿದ್ರೆ ಮೊದಲು ಮುರಿಯೋದು ಆ ಕಾಲುಗಳು. ಅವು ನೆಟ್ಟಗಿವೆ. ಮೂತಿ ಒಳಗಿಂದ ಬಿರಿದಿದೆ. ಬಡಗಿಯ ಬಿಳಿ ಗೋಂದು ಹುಳಿ ಬಿಡುತ್ತೆ. ಆ ಹುಳಿಗೆ ಸೀಸ ಕೊಳೆತು ಬಿಳಿ ಪುಡಿಯಾಗಿ ಉಬ್ಬುತ್ತೆ. ಮರದ ಕಪಾಟಲ್ಲಿಟ್ಟ ಸೀಸದ ಪದಕಗಳು ಹೀಗೇ ಹಿಟ್ಟಾಗಿದ್ದನ್ನ ನಾನು ಮ್ಯೂಸಿಯಮ್ಮಲ್ಲಿ ನೋಡಿದೀನಿ. ನಿನ್ನೆ ನೀವೇ ರಾತ್ರಿಯಿಡೀ ದೀಪ ಉರಿಸಿ ಪ್ಲಾಸ್ಟಿಕ್ ಬೇಯಿಸಿದ್ರಿ. ಮೂತಿಯ ಎರಡು ಹೋಳಿನ ಬೆಸುಗೆ ಮೆತ್ತಗಾಗಿ ಬಿಟ್ಕೊಳ್ತು."

"ಸರಿ ಹಾಗಾದ್ರೆ! ಬಿಳಿ ಗೋಂದೇ ಹಾಕಿದ್ದೆ ಅಂತಿಟ್ಕೊಳ್ಳಿ!"

"ಇಟ್ಕೊಳ್ಳೋಣ. ಆದ್ರೆ ಸೀಸ ಹೀಗೆ ಹಿಟ್ಟಾಗೋಕೆ ವರ್ಷಗಳು ಬೇಕು. ಚಳಿಗಾಲ ಮುಗಿದು ಇನ್ನೂ ಹೂವೇ ಬಿಟ್ಟಿಲ್ಲ."

ರಾದೊವಾನ್ ಕತ್ತುಪಟ್ಟಿ ಸಡಿಲಿಸಿಕೊಂಡ. "ಹಳೇ ಸಂತೆಯಲ್ಲಿ ಅರ್ಧ ಕಟ್ಟಿದ್ದನ್ನ ಕೊಂಡಿದ್ದೆ. ಯಾರದ್ದೋ ಏನೋ."

"ಯಾರದ್ದು ಅಂತ ನಾನು ಹೇಳ್ತೀನಿ."

ಅವಳು ಇವೆಟಾಳ ಪೆಟ್ಟಿಗೆ ಬಿಚ್ಚಿ ಒಂದೊಂದೇ ವಿಮಾನವನ್ನು ಮೇಜಿನ ಮೇಲಿಟ್ಟಳು. ಬಾಲದ ಕೆಳಗೆ ಚಕ್ರವಿದ್ದ ಹಳೆಯ ಪ್ರೊಪೆಲರ್ ವಿಮಾನಗಳಿಗೆ ಏನೂ ಆಗಿರಲಿಲ್ಲ. ಮೂತಿಯ ಕೆಳಗೆ ಚಕ್ರವಿದ್ದವೆಲ್ಲ ಬಿರಿದಿದ್ದವು; ಒಂದೊಂದರ ಬಾಯಲ್ಲೂ ಅದೇ ಬಿಳಿ ಪುಡಿ.

"ಭಾರ ಬೇಕಿದ್ದವು ಮಾತ್ರ ಒಡೆದಿವೆ. ಎಲ್ಲಾದರಲ್ಲೂ ಸೀಸ, ಎಲ್ಲಾದರಲ್ಲೂ ಬಿಳಿ ಗೋಂದು. ಓತಾಕರ್ ಯಾಕೆ ಈ ಗೋಂದು ಹಾಕ್ತಿದ್ರು? ಸೂಪರ್ ಗ್ಲೂ ಆವಿ ಬಿಡುತ್ತೆ, ಪೈಲಟ್ ಮುಚ್ಚಳದ ಒಳಗೆ ಮಂಜಿನ ಥರ ಕೂರುತ್ತೆ. ಅದನ್ನ ತಪ್ಪಿಸೋಕೆ ಮೂತಿಯ ಹತ್ರ ಅವರು ಬೇರೆ ಗೋಂದೇ ಮುಟ್ತಿರ್ಲಿಲ್ಲ. ಕಪಾಟು ನೋಡಿ. ಇಂಜಿನಿಯರ್ ಸಾಹೇಬ್ರು ಕಟ್ಟಿದ ಎಲ್ಲಾದಕ್ಕೂ ಮಬ್ಬು ಮುಚ್ಚಳ. ಇದೊಂದಕ್ಕೆ ಮಾತ್ರ ಇಲ್ಲ. ಗಾಜು ತಿಳಿಯಾಗಿರ್ಲಿ ಅಂತ ಆ ಮನುಷ್ಯ ಮಾಡಿದ ಒಂದು ತಪ್ಪು ಇವತ್ತು ಅವರ ಸಹಿ ಆಗಿದೆ."

ಸ್ಲಾವೆಕ್ ತಾತ ಎದ್ದು ಕಪಾಟಿನ ಹತ್ತಿರ ಹೋದ. ಬಗ್ಗಿ ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡ.

"ಹೊಸ ಬಣ್ಣ ಬಳಿದು, ನಂಬರು ಬದಲಾಯಿಸಿ ಸತ್ತೋನ ಕೈಕೆಲಸಾನ ಕದ್ರಿ," ಯಾರ್ಮಿಲಾಳ ದನಿ ಏರಿತು. "ಕದ್ದಿದ್ದು ಸಾಲ್ದು ಅಂತ ಅವನ ಮಗಳಿಗೇ ನಿಮ್ಮಪ್ಪನ ಕೆಲಸ ಗಟ್ಟಿ ಇಲ್ಲ ಅಂದ್ರಿ! ಇನ್ನು ನೀವು," ಅವಳು ಮೇಜುಗಳ ಕಡೆ ತಿರುಗಿದಳು. "ವರ್ಷಗಟ್ಟಲೆ ಓತಾಕರ್ ಪಕ್ಕ ಕೂತು ಕುಡಿದೋರು. ಆ ಕೈ ನಿಮಗೆ ಗುರುತು ಸಿಗಲಿಲ್ವಾ? ಸಿಕ್ಕಿತ್ತು. ಅಧ್ಯಕ್ಷರ ಜೊತೆ ಯಾಕೆ ಜಗಳ ಅಂತ ಸುಮ್ಮನಿದ್ರಿ. ನಿನ್ನೆ ಇವಳು ಕೂಗಾಡಿದಾಗ ನಕ್ರಿ."

ಎಲ್ಲರೂ ತಮ್ಮ ತಮ್ಮ ಮಗ್ಗಿನೊಳಗೆ ನೋಡಿದರು. ಬೋಹುಮಿಲ್‌ಗೂ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ರಾದೊವಾನ್ ಗಂಟಲು ಸರಿಮಾಡಿಕೊಂಡ. "ನೋಡಮ್ಮ ಇವೆಟಾ, ಇದನ್ನ ಇಲ್ಲಿಗೇ ಮುಗಿಸೋಣ. ಮೂತಿ ನಾನು ರಿಪೇರಿ ಮಾಡಿಸ್ತೀನಿ. ಇಬ್ಬರ ಹೆಸರೂ ಹಾಕೋಣ."

"ಅದನ್ನ ಮುಟ್ಬೇಡಿ."

"ನಿಯಮದ ಪ್ರಕಾರ ಬಿರಿದ ಮಾದರಿಗೆ ಚಿನ್ನ ಕೊಡೋಕಾಗಲ್ಲ ಮಗಳೇ," ಎಂದ ಸ್ಲಾವೆಕ್ ತಾತ, ತಪ್ಪು ತನ್ನದೇ ಎಂಬಂತೆ.

"ಪದಕ ಯಾರಿಗೆ ಬೇಕು ತಾತ?" ಇವೆಟಾ ವಿಮಾನವನ್ನು ಎತ್ತಿ, ಬಿರಿದ ಮೂತಿಯನ್ನು ಜನರ ಕಡೆ ತಿರುಗಿಸಿ ಮೇಲಿನ ಹಲಗೆಯಲ್ಲಿ ಇಟ್ಟಳು. ಕಪಾಟಿಗೆ ಅಂಟಿಸಿದ್ದ ರಾದೊವಾನನ ಹೆಸರಿನ ಚೀಟಿಯನ್ನು ಕಿತ್ತು, ಖಾಲಿ ಚೀಟಿಯೊಂದನ್ನು ಅವನ ಮುಂದೆ ತಳ್ಳಿದಳು.

"ಕಟ್ಟಿದವರು ಯಾರು ಅಂತ ನೀವೇ ಬರೀರಿ."

ಅವನು ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಬೋಹುಮಿಲ್ ಕೈಕಟ್ಟಿ ನಿಂತಿದ್ದ. ರಾದೊವಾನ್ ಪೆನ್ನು ತೆಗೆದು, ಚೀಟಿಯ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಓತಾಕರನ ಹೆಸರು ಬರೆದ.

ಇವೆಟಾ ಅದನ್ನು ಹರಿದು ಇನ್ನೊಂದು ಚೀಟಿ ಇಟ್ಟಳು.

"ದೊಡ್ಡದಾಗಿ," ಎಂದಳು.